ಇಮ್ಮಡಿ ಸಂಬಳ

೧೯ ಜನವರಿ ೨೦೨೪, ಶುಕ್ರವಾರ

ಯುದ್ಧದಿಂದ ದೇಶದ ಆರ್ಥಿಕತೆಗೆ ನಷ್ಟವೇ ಹೆಚ್ಚು ಎಂದು ಇವತ್ತು ಬೋರ್ಡಿನ ತುಂಬ ಬರೆದು ಪಾಠ ಮಾಡಿದೆ. ಕಿರುಗಾವಲಿನಿಂದ ಬರುವ ಚಂದನಾ ಎದ್ದು ನಿಂತಳು. “ಅದ್ರಿಂದ ಉದ್ದಾರ ಆದ ಒಂದ್ ಮನೆ ತೋರ್ಸಿ ಮೇಡಂ, ನೋಡವ.”

ಇಲ್ಲಮ್ಮ ಎಂದುಬಿಟ್ಟೆ. ಸುಳ್ಳುಬುರುಕಿ ನಾನು.

ಸಂಜೆ ಹಡಗಿನಿಂದ ಇವರ ಫೋನು ಬಂತು. “ಈ ಸಲಾನೂ ಕ್ಷಿಪಣಿ ಬೀಳೋ ಸಮುದ್ರ ದಾಟೋವರೆಗೂ ಡಬಲ್ ಸಂಬಳ ಕಣೇ. ಮಹಡಿಗೆ ಮೋಲ್ಡ್ ಹಾಕಿಸ್ಬಿಡು.” ಅಷ್ಟರಲ್ಲಿ ಲೈನು ಕಟ್ಟಾಯಿತು. ಆಮೇಲೆ ಮನೆಯಲ್ಲಿ ನನ್ನದೊಂದೇ ಉಸಿರು. ಇರುವ ಕೋಣೆಗಳಿಗೇ ಜನವಿಲ್ಲ, ಮಹಡಿ ಯಾರಿಗೆ?

ಬರೆಯುತ್ತಿದ್ದಂತೆ ಹೊಳೆಯಿತು. ಮುತ್ತತ್ತಿರಾಯನಿಗೆ ಹರಕೆ ಹೊತ್ತು ಎರಡು ತಿಂಗಳಾಯಿತು. ಇವರು ಕ್ಷೇಮವಾಗಿ ಬರಲಿ ಎಂದು ದಿನವೂ ಬೇಡುತ್ತೇನೆ. ಯುದ್ಧ ನಿಲ್ಲಲಿ ಎಂದು ಒಂದು ದಿನವೂ ಕೇಳಿಲ್ಲ.