ತೇಲಿದ ಬೀಜಗಳು

ವಾಲ್ಯಾ ಮಾರೆ, ಬುಕೊವಿನಾ
ಮೇ ೭, ಬುಧವಾರ

ಅಮ್ಮಾ,

ಮೊದಲು 'ಪ್ರೀತಿಯ' ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಗೀಟಿನ ಕೆಳಗೆ ಅಕ್ಷರ ಕಾಣುತ್ತಿದ್ದರೆ ಕಾಣಲಿ.

ಇವತ್ತು ಬೆಳಿಗ್ಗೆ ಕಿಟಕಿಯ ಹಲಗೆಯ ಮೇಲೆ ಒಂದು ಮೊಳಕೆ ತನ್ನ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತುಕೊಂಡೇ ಮಣ್ಣಿನಿಂದ ಎದ್ದಿತ್ತು. ಎರಡೂ ಎಲೆ ಅದರೊಳಗೆ ಸಿಕ್ಕಿಕೊಂಡಿದ್ದವು. ಉಗುರಿನಿಂದ ಬಿಡಿಸಲು ಹೋದೆ, ಪಕ್ಕದಲ್ಲೇ ಮೊಳಕೆ ತಡವುತ್ತಿದ್ದ ಅಜ್ಜಿ ನನ್ನ ಕೈಗೊಂದು ಏಟು ಕೊಟ್ಟಳು. "ಕತ್ತು ಮುರಿದು ಹಾಕ್ತೀಯಲ್ಲೇ!" ಬೆರಳ ತುದಿಗೆ ಎಂಜಲು ಹಚ್ಚಿ ಸಿಪ್ಪೆಯನ್ನು ಒದ್ದೆ ಮಾಡಿ, ಕೈಕಟ್ಟಿ ಕೂತಳು. ಕಾಲು ಗಂಟೆಯಲ್ಲಿ ಅದು ತಾನಾಗಿ ಜಾರಿ ಬಿತ್ತು. ಅಜ್ಜಿಯ ಎಡಗಣ್ಣು ಈಗ ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಬೆಳಕು ಮಾತ್ರ ತಿಳಿಯುತ್ತದೆ. ಉಳಿದದ್ದನ್ನೆಲ್ಲ ಬೆರಳಿನಿಂದ ನೋಡುತ್ತಾಳೆ. ಅದು ಬಿಟ್ಟರೆ ಚೆನ್ನಾಗಿದ್ದಾಳೆ, ಎರಡು ಹೊತ್ತೂ ಜೋಳದ ಮುದ್ದೆ ಉಣ್ಣುತ್ತಾಳೆ, ಪಾದ್ರಿಯನ್ನು ಬೈಯುತ್ತಾಳೆ. ನಿನ್ನ ಮಂಡಿ ಹೇಗಿದೆ? ನೀನು ನೋಡಿಕೊಳ್ಳುವ ಸಿನ್ಯೋರಾ ಒರ್ನೆಲ್ಲಾರನ್ನು ಎತ್ತಿ ಕೂರಿಸುವಾಗ ಸೊಂಟದ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಕೋಪದಲ್ಲಿ ಬರೆಯುತ್ತಿದ್ದೇನೆ ನಿಜ. ಆದರೂ ಪಟ್ಟಿ ಕಟ್ಟಿಕೋ.

ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು 'ಹೂಂ' ಅನ್ನುತ್ತೇನೆ. ಹೋದ ಭಾನುವಾರವೂ ಹಾಗೇ ಆಯಿತು. "ನಿನ್ನ ಸೀಟು ಹಿಡಿಸಿಯಾಗಿದೆ. ಮುಂದಿನ ಭಾನುವಾರ ಇಟಲಿಗೆ ಹೊರಡೋ ನಿಕಾನೊರನ ವ್ಯಾನು ಹತ್ತು. ನಮ್ಮ ಮೇಲಿನ ಮಹಡಿಯ ಮುದುಕನಿಗೆ ಹೆಣ್ಣಾಳು ಬೇಕಂತೆ, ಮಾತಾಡಿಟ್ಟಿದ್ದೀನಿ. ಸಾಹಿತ್ಯ ಓದಿ ಮನೇಲಿ ಕೂತು ಕುಂಡ ಎಣಿಸ್ತಿದ್ದೀಯಲ್ಲ, ಸಾಕು." ನಾನು ಹೂಂ ಅಂದೆ. ಮೊಳಕೆಗಳ ವಿಷಯ ತೆಗೆದಾಗ ನೀನು ನಕ್ಕೆ. "ಸಿನ್ಯೋರಾಳ ಮಗನಿಗೆ ಹೇಳಿದೆ ಕಣೇ, ನನ್ನ ಮಗಳು ಊರಲ್ಲಿ ಭಂಗಿ ಬೆಳೀತಾಳೆ ಅಂತ. ಗಾಂಜಾನಾ ಅಂತ ಹೊಟ್ಟೆ ಹಿಡ್ಕೊಂಡು ನಕ್ಕ." ನಿನಗೂ ನಗು ಬಂತು. ಆ ಭಂಗಿಯ ನಾರಿನಲ್ಲಿ ನೇಯ್ದ ಹಾಸಿಗೆಬಟ್ಟೆಯ ಮೇಲೆ ಹುಟ್ಟಿದವಳು ನೀನು, ಅವನ ಮುಂದೆ ಅದನ್ನು ಹೇಳಲಿಲ್ಲ. "ಬೀಜ ಬೀಜವೇ ಬಿಡು, ಪೇಟೇಲಿ ಒಂದು ಕಿಲೋ ತಂದು ಎರಚು" ಎಂದು ಫೋನಿಟ್ಟೆ.

ಬೀಜ ಬೀಜವೇ! ಈ ಮಾತನ್ನು ನೀನು ಎರಡನೇ ಸಲ ಹೇಳಿದ್ದು. ಮೊದಲ ಸಲ ಹೇಳಿದ್ದು ಕ್ರಿಸ್ಮಸ್ ಹಿಂದಿನ ದಿನ, ನಮ್ಮ ಉಗ್ರಾಣದಲ್ಲಿ. ಮೂರು ವರ್ಷದ ಮೇಲೆ ನೀನು ಮನೆಗೆ ಬಂದಿದ್ದೆ. ಭಂಗಿ ಬೀಜದ ಹಾಲಿನ ಜುಲ್ಫಾ ಇಲ್ಲದ ಕ್ರಿಸ್ಮಸ್ ಮಾಡಿ ಮಾಡಿ ಸಾಕಾಗಿದೆ, ಬೆರ್ಗಾಮೋದ ನಮ್ಮೂರ ಹೆಂಗಸರಿಗೂ ಒಂದು ಡಬ್ಬಿ ಒಯ್ಯಬೇಕು ಅಂದೆ. ಬಿಳಿ ದಾರದ ಚೀಲದಲ್ಲಿದ್ದ ತಿನ್ನುವ ಬೀಜ ಸಾಲಲಿಲ್ಲ. ನೀನು ಸ್ಟೂಲು ಹತ್ತಿ ಕೆಂಪು ದಾರದ ಚೀಲ ಇಳಿಸಿದೆ, ಬಿತ್ತುವ ಬೀಜದ್ದು. ಅಜ್ಜಿ ಮದುವೆಯಾಗಿ ಬಂದಾಗ ಅವಳಮ್ಮ ಸೆರಗಿಗೆ ಕಟ್ಟಿ ಕೊಟ್ಟ ಬೀಜದ ಸಂತಾನ ಅದು, ಅರವತ್ತೊಂದು ವರ್ಷ ಒಂದು ಬೆಳೆಯೂ ತಪ್ಪದೆ ಬಂದದ್ದು. ಅಜ್ಜಿ ಚರ್ಚಿಗೆ ಹೋಗಿದ್ದಳು. ನೀನು ಬೋಗುಣಿಯಲ್ಲಿ ತೊಳೆದು, ತೇಲಿದ್ದನ್ನು ಜೊಳ್ಳೆಂದು ಬದಿಗೆ ಬಾಚಿ, ಮುಳುಗಿದ್ದನ್ನೆಲ್ಲ ಒರಳಿಗೆ ಹಾಕಿ ಕುಟ್ಟಿದೆ. ಹಿಂಡಿ ಕಾಯಿಸಿದ ಬೀಜದ ಹಾಲಿನ ಮೇಲೆ ಕೆನೆ ಎದ್ದಾಗ ನಿನ್ನ ಕಣ್ಣಲ್ಲಿ ನೀರಿತ್ತು, ಅದನ್ನೂ ನಾನು ನೋಡಿದೆ. ಆಮೇಲೆ ಪೇಟೆಯಿಂದ ತಂದ ಹಕ್ಕಿಕಾಳಿನ ಪೊಟ್ಟಣ ಬಿಚ್ಚಿ, ಅದರಲ್ಲಿದ್ದ ಭಂಗಿ ಬೀಜವನ್ನು ಖಾಲಿ ಚೀಲಕ್ಕೆ ಸುರಿದು, ಅದೇ ಕೆಂಪು ದಾರ ಬಿಗಿದು, ನನ್ನ ಕಡೆ ಕಣ್ಣು ಹೊಡೆದೆ. "ಬೀಜ ಬೀಜವೇ. ಅಜ್ಜಿಗೆ ಹೇಳಬೇಡ."

ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ನಿನ್ನ ಮೇಲಿನ ಕೋಪದಲ್ಲಿ ಅರ್ಧ ನನ್ನ ಮೇಲಿನದು, ಅದು ನನಗೆ ಗೊತ್ತು. ಆದರೆ ಇನ್ನರ್ಧ ನಿನ್ನ ಪಾಲಿನದೇ, ಅದನ್ನು ಕಡಿಮೆ ಮಾಡಿಕೊಳ್ಳಲಾರೆ.

ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ಸಂಜೆ ಅಜ್ಜಿ ನನ್ನನ್ನು ಅಡುಗೆಮನೆಯ ಬೆಂಚಿನಿಂದ ಹಾರಿಸಿದಳು. ಹೆಣ್ಣುಮಕ್ಕಳು ಎಷ್ಟೆತ್ತರ ಹಾರಿದರೆ ಭಂಗಿ ಅಷ್ಟೆತ್ತರ ಎಂದು ನಿನ್ನನ್ನೂ ಹಾರಿಸಿದ್ದಳಲ್ಲ. "ಇನ್ನೂ ಮೇಲೆ! ಕೋಳಿ ಹಾರಿದಂಗೆ ಹಾರ್ತೀಯಲ್ಲೇ, ಮೊಣಕಾಲುದ್ದ ನಾರು ಇಟ್ಕೊಂಡು ಏನ್ಮಾಡ್ಲಿ?" ಅವಳು ನಗುತ್ತಿದ್ದಳು. ಚೀಲದಲ್ಲಿ ಏನಿದೆಯೆಂದು ತಿಳಿದೂ ತಿಳಿದೂ ನಾನು ಹಾರಿದೆ. ಏಳು ಸಲ.

ಏಪ್ರಿಲಿನಲ್ಲಿ ಅಜ್ಜಿ ಕೆಂಪು ದಾರ ಬಿಚ್ಚಿದಳು, ನಾರು ಬೆಳ್ಳಗೆ ಬರಲೆಂದು ಬೀಜದ ನಡುವೆ ಬಿಳಿ ಮೊಟ್ಟೆ ಇಡಲು. ಮೊಟ್ಟೆ ಹಿಡಿದ ಕೈ ಚೀಲದೊಳಗೆ ಹೋಗಿ ಅಲ್ಲೇ ನಿಂತಿತು. ನಾಲ್ಕು ಕಾಳು ತೆಗೆದು ಬೆರಳಲ್ಲಿ ಉರುಳಿಸಿದಳು, ಮೂಸಿದಳು, ಒಂದನ್ನು ಕಚ್ಚಿದಳು. "ಇದು ನನ್ನದಲ್ಲ. ಇದು ಹುರಿದದ್ದು, ಸತ್ತದ್ದು." ಆಗ ನಾನು ಹೇಳಿದೆ, ಎಲ್ಲವನ್ನೂ. ಅವಳು ನಿನ್ನನ್ನು ಒಂದು ಮಾತೂ ಬೈಯಲಿಲ್ಲ ಅಮ್ಮಾ. ಮೊಟ್ಟೆಯನ್ನು ವಾಪಸು ಬುಟ್ಟಿಗಿಟ್ಟು, ಹೋಗಿ ಮಲಗಿದಳು. ಮಧ್ಯಾಹ್ನ ಹನ್ನೆರಡಕ್ಕೆ ಅಜ್ಜಿ ಮಲಗಿದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ?

ಪೇಟೆಯ ಬೀಜವನ್ನೂ ಪರೀಕ್ಷಿಸಿದೆ, ನಿನಗೆ ಅನ್ಯಾಯವಾಗಬಾರದಲ್ಲ. ಒದ್ದೆ ಬಟ್ಟೆಯಲ್ಲಿ ಐವತ್ತು ಕಾಳು ಮಡಿಸಿಟ್ಟೆ. ಆರನೇ ದಿನ ಮುಗ್ಗಲು ಎಣ್ಣೆಯ ವಾಸನೆ ಬಂತು, ಒಂದೂ ಬಿರಿಯಲಿಲ್ಲ.

ಆಗ ಆ ತೇಲಿದ ಕಾಳು ನೆನಪಾಯಿತು. ಕೋಳಿಗೆ ಎಸೆ ಎಂದಿದ್ದೆ ನೀನು. ಕಿಟಕಿಗೆ ಬರುವ ಗುಬ್ಬಿಗಳಿಗಾಗುತ್ತದೆ ಎಂದು ನಾನು ಪತ್ರಿಕೆಯ ಮೇಲೆ ಒಣಗಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದೆ. ಗುಬ್ಬಿ ತಿಂದು ಉಳಿದದ್ದು ಇನ್ನೂರ ಹದಿನಾಲ್ಕು. ಒಂದು ದಿನ ಪೂರ್ತಿ ನೀರಲ್ಲಿ ನೆನೆಹಾಕಿದೆ. ಜೊಳ್ಳಾದದ್ದು ತೇಲುತ್ತಲೇ ಇತ್ತು. ಬರೀ ಒಣಗಿದ್ದರಿಂದ ತೇಲಿದ್ದವು ಒಂದೊಂದಾಗಿ ತಳಕ್ಕೆ ಇಳಿದವು. ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ತಟ್ಟೆಗಳ ನಡುವೆ ಒಲೆಯಿಂದ ಒಂದು ಮಾರು ದೂರ ಇಟ್ಟೆ. ಅಂಗೈಯಷ್ಟು ಬೆಚ್ಚಗೆ ಸಾಕು, ಅದಕ್ಕಿಂತ ಹೆಚ್ಚಾದರೆ ಬೇಯುತ್ತದೆ ಎಂದಳು ಅಜ್ಜಿ. ಮೂರನೇ ದಿನ ಒಂದು ಬಿರಿದು ಬಿಳಿಯ ಬೇರು ಹೊರಗಿಟ್ಟಿತು. ಒಟ್ಟು ಬಿರಿದದ್ದು ಮೂವತ್ತೇಳು. ಮೊಸರಿನ ಲೋಟಗಳ ತಳಕ್ಕೆ ತೂತು ಮಾಡಿ, ಸಡಿಲ ಮಣ್ಣು ತುಂಬಿ, ಬೇರು ಕೆಳಗೆ ಬರುವಂತೆ ಬೆರಳ ಒಂದು ಗೆಣ್ಣಿನ ಆಳಕ್ಕೆ ಇಳಿಸಿದೆ. ಅಜ್ಜಿಗೆ ಇದೆಲ್ಲ ನಾಚಿಕೆಗೇಡು. "ಭಂಗಿ ಅಂದ್ರೆ ಎಲೆಕೋಸೇನೇ, ಸಸಿ ಮಾಡಿ ನೆಡೋಕೆ? ಮುಷ್ಟಿ ತುಂಬ ಎರಚಬೇಕು, ಮಳೆ ಬಿದ್ದಂಗೆ!" ಮುಷ್ಟಿ ತುಂಬಲು ಬೀಜವೆಲ್ಲಿದೆ? ಎಂಟು ಸತ್ತವು, ನನ್ನ ತಪ್ಪಿನಿಂದಲೇ. ಪ್ರೀತಿ ಹೆಚ್ಚಾಗಿ ನೀರು ಹೆಚ್ಚು ಹಾಕಿದೆ, ಮಣ್ಣಿನ ಮಟ್ಟದಲ್ಲಿ ದಂಟು ಕಪ್ಪಾಗಿ ಮಗುಚಿದವು. ಈಗ ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ತಟ್ಟೆಗೆ ನೀರು. ಬೆಳಕಿನ ಕಡೆ ವಾಲದಂತೆ ದಿನಕ್ಕೆರಡು ಸಲ ಲೋಟ ತಿರುಗಿಸುತ್ತೇನೆ, ಗಾಳಿಯ ಅಭ್ಯಾಸವಾಗಲೆಂದು ಮಧ್ಯಾಹ್ನ ಒಂದು ಗಂಟೆ ಹೊರಗಿಡುತ್ತೇನೆ. ಇಪ್ಪತ್ತೊಂಬತ್ತು ಉಳಿದಿವೆ.

ಹಾಗೆ ಹೊರಗಿಟ್ಟಾಗಲೇ ಪೊಲೀಸ್ ಪಾಂಫಿಲ್ ಬೇಲಿಯ ಮೇಲಿಂದ ಇಣುಕಿದ. "ಏನಜ್ಜಿ, ಈ ವಯಸ್ಸಲ್ಲಿ ಹೊಸ ವ್ಯಾಪಾರ?" ಅಜ್ಜಿ ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಭಂಗಿ ಬೆಳೆಯುವ ಪರವಾನಗಿ ಕಾಗದ ತಂದು ಅವನ ಮೂಗಿಗೆ ಹಿಡಿದಳು. "ನಿನ್ನ ಜ್ಞಾನಸ್ನಾನದ ಅಂಗಿ ಈ ನಾರಿಂದು ಕಣೋ. ನಿನ್ನಮ್ಮ ಇಸ್ಕೊಂಡು ಹೋದವಳು ವಾಪಸು ಕೊಟ್ಟಿಲ್ಲ. ಮೊದಲು ಆ ಕೇಸು ಹಾಕು!" ಅವನು ಟೋಪಿ ಸರಿಮಾಡಿಕೊಂಡು ನಡೆದ. ಆ ಚೀಲ ಬಿಚ್ಚಿದ ದಿನದ ನಂತರ ಅವಳು ನಕ್ಕದ್ದು ಅವತ್ತೇ.

ಈಗ ನನ್ನ ಮಾತು ಕೇಳು. ಈ ತಿಂಗಳ ಕೊನೆಗೆ, ಹಿಮ ಬೀಳುವ ಭಯ ಹೋದ ಮೇಲೆ, ಇವನ್ನು ಹಳ್ಳದ ಪಕ್ಕದ ಮಡಿಗೆ ಇಳಿಸಬೇಕು. ಯಾವುದು ಗಂಡು ಯಾವುದು ಹೆಣ್ಣು ಎಂದು ಜುಲೈವರೆಗೆ ತಿಳಿಯುವುದಿಲ್ಲ. ನಾರಿಗೆಂದು ಗಂಡು ಗಿಡವನ್ನು ಒಂದು ವಾರ ಮೊದಲೇ ಕಿತ್ತರೆ ಹೆಣ್ಣಿನಲ್ಲಿ ಕಾಳು ಕಟ್ಟುವುದಿಲ್ಲ. ಯಾವುದು ಯಾವುದೆಂದು ಅಜ್ಜಿ ದಂಟಿನ ಗೆಣ್ಣು ಮುಟ್ಟಿಯೇ ಹೇಳುತ್ತಾಳೆ. "ಈ ವರ್ಷ ನನ್ನ ಬೆರಳ ಜೊತೆ ನಿನ್ನ ಬೆರಳು ಇಡ್ಬೇಕು. ಬಿತ್ತೋಳು ಬಾಯಿ ಬಿಡಬಾರದು, ನಿನಗೋ ಮೊದಲೇ ಮಾತಿಲ್ಲ, ನಿನ್ನಂಥೋಳು ಎಲ್ಲಿ ಸಿಗ್ತಾಳೆ ನನಗೆ?" ಎಂದಳು. ನಾಲ್ಕು ವರ್ಷ ಕಾಲೇಜಿನಲ್ಲಿ ನನ್ನ ಮೌನವನ್ನು ಎಲ್ಲರೂ ಕಾಯಿಲೆಯೆಂದೇ ಎಣಿಸಿದ್ದರು. ಅದಕ್ಕೊಂದು ಕೆಲಸವಿದೆ ಎಂದವಳು ಇವಳೊಬ್ಬಳೇ. ಸೆಪ್ಟೆಂಬರಿನಲ್ಲಿ ಕಾಳು ಉದುರಿಸಿ ಚೀಲಕ್ಕೆ ತುಂಬುವವರೆಗೆ ಇಲ್ಲಿ ಒಬ್ಬರು ಇರಬೇಕು.

ಆದರೆ ನನ್ನ ಮೌನವನ್ನು ನೀನು ಒಪ್ಪಿಗೆಯೆಂದು ತಿಳಿದುಕೊಂಡೆ. ಉಗ್ರಾಣದಲ್ಲಿ ಒಂದು ಸಲ, ಫೋನಿನಲ್ಲಿ ಇನ್ನೊಂದು ಸಲ. ಇದು ನನಗೆ ಹೆಚ್ಚು ನೋಯುತ್ತದೆ.

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ತಲೆಗೆ ಬಟ್ಟೆ ಕಟ್ಟದೆ ಗಾಳಿಗೆ ಹೋಗಬೇಡ ಎಂದೂ. ಸಿನ್ಯೋರಾಗೆ ನಮಸ್ಕಾರ. ಅವರ ಮಗನಿಗೆ ಇಲ್ಲ.

ನಿನ್ನ ಮಗಳು,
ಅಗ್ಲಾಯಾ

ಮರೆತೆ: ಈ ಪತ್ರ ನಿನ್ನ ಕೈಗಿತ್ತವಳು ಝಂಫಿರಾ, ಗಿರಣಿ ಮನೆಯ ಸೊಸೆ. ವ್ಯಾನಿನಿಂದ ನಾನು ಇಳಿಯುತ್ತೇನೆಂದು ನೀನು ಇನ್ನೂ ಬಾಗಿಲ ಕಡೆ ನೋಡುತ್ತಿರಬಹುದು, ನೋಡಬೇಡ. ಅವಳು ತನ್ನ ಅತ್ತೆಯನ್ನು ಎರಡು ವರ್ಷ ಹಾಸಿಗೆಯಲ್ಲಿ ನೋಡಿಕೊಂಡವಳು, ಕೆಲಸ ಹುಡುಕುತ್ತಿದ್ದಳು. ನಾನೇ ಅವಳ ಮನೆಗೆ ಹೋಗಿ, ಬಾಗಿಲು ತಟ್ಟಿ, ಮಾತಾಡಿದೆ. ನಿಕಾನೊರನಿಗೂ ಹೇಳಿ ನನ್ನ ಸೀಟನ್ನು ಅವಳ ಹೆಸರಿಗೆ ಮಾಡಿಸಿದೆ. ಮಹಡಿ ಮೇಲಿನ ಮುದುಕನ ಹತ್ತಿರ ಅವಳನ್ನು ಕರೆದುಕೊಂಡು ಹೋಗು. ನಾನು ಬರುವುದಿಲ್ಲ. ನಿನ್ನನ್ನು ಕೇಳಿ ಮಾಡಿದ ತೀರ್ಮಾನವಲ್ಲ ಇದು.