ಮಿಂಚುಳ್ಳಿಯ ಎಡಗಾಲು

ಗುರುವಾರ, ಹನ್ನೊಂದನೇ ತಾರೀಖು
ಆಫೀಸು, ಊಟದ ಹೊತ್ತು

ರೀ,

ಈ ಒಂದಕ್ಷರ ನನ್ನ ಬಾಯಿಂದಾಗಲಿ ಪೆನ್ನಿನಿಂದಾಗಲಿ ಬಂದು ಆರು ವರ್ಷವಾಯಿತು. ಆಫೀಸಿನ ಕಾಗದಗಳಲ್ಲಿ ನಾನು ನಿಮ್ಮನ್ನು ‘ಮಾನ್ಯ ಚಿತ್ರಕಾರರೇ’ ಎಂದೆ, ನೀವು ನನ್ನನ್ನು ‘ಮಾನ್ಯ ಪ್ರಕಾಶಕರೇ’ ಎಂದಿರಿ. ಒಂದೇ ಸೂರಿನಡಿ ಇದ್ದಾಗ ಇದರ ಕಾಲುಭಾಗ ಮಾನ್ಯತೆ ಇಬ್ಬರಲ್ಲೊಬ್ಬರಿಗೆ ಸಿಕ್ಕಿದ್ದರೂ ಸಾಕಿತ್ತು.

ನಿಮ್ಮ ಕಾರ್ಡು ಮಂಗಳವಾರ ತಲುಪಿತು. ‘ಸಹಿ ಹಾಕುವುದಿಲ್ಲ’ ಎಂದು ಒಂದೇ ಸಾಲು, ಅದರ ಕೆಳಗೆ ನಾಲಿಗೆ ಚಾಚಿದ ಗುಮ್ಮ. ಗುಮ್ಮನ ನಾಲಿಗೆಗೆ ನೆರಳು ಬಿಡಿಸಲು ಪುರುಸೊತ್ತಿದ್ದವರಿಗೆ ಕಾರಣ ಬರೆಯಲು ಪುರುಸೊತ್ತಿರಲಿಲ್ಲ. ಇರಲಿ, ಕಾರಣ ಬರೆಯುವುದು ಮೊದಲಿನಿಂದಲೂ ನನ್ನ ಪಾಲಿಗೆ ಬಿದ್ದ ಕೆಲಸ.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವಳಲ್ಲ ನಾನು, ನಿಮಗೆ ಗೊತ್ತು. ಸೋಮವಾರ ನಮ್ಮ ಆಟದ ಪುಸ್ತಕದ ಮೂರನೇ ಆವೃತ್ತಿ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಆ ನಾಲ್ವರು ಇರುವುದಿಲ್ಲ. ಕಳ್ಳಿ ಮಿಂಚುಳ್ಳಿ, ಕತ್ತಿ ಹಿಡಿದ ದಾಂಡಿಗ, ಗಾಯ ಕಟ್ಟುವ ಮದ್ದಜ್ಜ, ಕಂದೀಲು ಹೊರುವ ಗುಮ್ಮ, ಎಲ್ಲರಿಗೂ ನಿವೃತ್ತಿ. ಮೂವತ್ತು ವರ್ಷ ಪುಟಪುಟದಲ್ಲೂ ದುಡಿದಿದ್ದಾರೆ. ಮೊದಲ ಪೆಟ್ಟಿಗೆಯ ಮುಚ್ಚಳದ ಒಳಗೆ ನಾವಿಬ್ಬರೂ ಬರೆದಿಟ್ಟ ಮಾತೊಂದಿದೆಯಲ್ಲ: ‘ಇಬ್ಬರೂ ಒಪ್ಪದೆ ಈ ನಾಲ್ವರನ್ನು ಕೊಲ್ಲಬಾರದು, ಕಳಿಸಲೂಬಾರದು.’ ಅಂಟಿನ ಕಲೆಯ ಪಕ್ಕ ನಿಮ್ಮ ಸಹಿ, ನನ್ನ ಸಹಿ. ಅದನ್ನು ಮೀರುವವಳಲ್ಲ ನಾನು. ಅದಕ್ಕೇ ಈ ಪತ್ರ.

ಅವರು ನಮಗೆ ಮಾಡಿದ್ದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ನಾನಾಗ ರಟ್ಟಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಅಂಟಿಸುತ್ತಿದ್ದೆ. ನೀವು ಅಂಗಡಿಗಳ ಬೋರ್ಡು ಬರೆಯುತ್ತಿದ್ದಿರಿ. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಆಟದ ನಿಯಮ ಬರೆದು ತಂದಾಗ ಮುಚ್ಚಳದ ಮೇಲೆ ಹಾಕಲು ಮುಖಗಳು ಬೇಕಾದವು. ನಾಲ್ಕು ಜನರನ್ನು ಎದುರು ಕೂರಿಸಿಕೊಂಡು ಬಿಡಿಸುವ ತಾಕತ್ತು ನಮಗೆಲ್ಲಿತ್ತು? ಕೈಗೆ ಸಿಕ್ಕವರನ್ನೇ ಹಿಡಿದಿರಿ. ಜಿರಲೆ ಕಂಡರೆ ಕುರ್ಚಿ ಹತ್ತುವ ನಮ್ಮಣ್ಣ ದಾಂಡಿಗನಾದ. ಮನೆ ಮಾಲೀಕರು ಮದ್ದಜ್ಜನಾದರು. ಹಿತ್ತಲ ಬೆಕ್ಕನ್ನು ಹಿಂಗಾಲಿನ ಮೇಲೆ ನಿಲ್ಲಿಸಿದಿರಿ, ಗುಮ್ಮನಾಯಿತು. ಇಪ್ಪತ್ತೇಳು ವರ್ಷದ ನಾನು, ಸೊಂಟದವರೆಗಿನ ಜಡೆ, ಬಲಗಾಲೂರಿ ಎಡಮಂಡಿ ಮಡಿಸಿ ಕಿಟಕಿಗೆ ಒರಗಿ ನಿಂತಿದ್ದವಳು ಮಿಂಚುಳ್ಳಿಯಾದೆ. ಮೂರು ಗಂಟೆ ನಿಂತಿದ್ದೆ. ಮಂಡಿ ನೋಯುತ್ತೆ ಅಂದದ್ದಕ್ಕೆ ಅಲ್ಲಾಡಬೇಡ ಅಂದಿರಿ.

ಪೆಟ್ಟಿಗೆಗಳನ್ನು ಚೀಲದಲ್ಲಿ ಹೊತ್ತು ಅಂಗಡಿ ಅಂಗಡಿ ಸುತ್ತಿದವಳು ನಾನು. ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ತಮಗೆ ಬೇಕಾದವರಾಗುವ ಆಟ, ಒಬ್ಬರು ಕಥೆ ನಡೆಸುತ್ತಾರೆ, ಕಥೆ ಕವಲೊಡೆದಲ್ಲಿ ದಾಳ ಉರುಳಿಸಬೇಕು ಎಂದು ವಿವರಿಸುತ್ತಿದ್ದೆ. ಗೆಲ್ಲೋದು ಯಾರು ಅಂತ ಕೇಳೋರು. ಯಾರೂ ಇಲ್ಲ ಅಂತಿದ್ದೆ. ಹಾಗಾದ್ರೆ ಒಳಗೇನಿದೆ ಅಂತ ಕೇಳೋರು. ಪುಸ್ತಕ ಅಂತಿದ್ದೆ. ಪೆಟ್ಟಿಗೆ ಕೆಳಗಿಟ್ಟುಬಿಡೋರು. ಆದರೆ ಕೆಳಗಿಟ್ಟ ಮೇಲೂ ಕಣ್ಣು ಮುಚ್ಚಳದ ಮೇಲೇ ನಿಲ್ಲುತ್ತಿತ್ತು. ಯಾರಮ್ಮಾ ಈ ಹುಡುಗಿ ಎಂದು ಮತ್ತೆ ಎತ್ತಿಕೊಳ್ಳುತ್ತಿದ್ದರು. ಆ ಹುಡುಗಿ ಎದುರಿಗೇ ನಿಂತಿದ್ದಳು, ಬೆವರಿಕೊಂಡು. ನನ್ನ ನಾಲಿಗೆ ಮಾರಿದ್ದಕ್ಕಿಂತ ನಿಮ್ಮ ಕುಂಚ ಮಾರಿದ್ದೇ ಹೆಚ್ಚು. ಬರೆದು ಕೊಡುತ್ತಿದ್ದೇನೆ, ಚೌಕಟ್ಟು ಹಾಕಿಸಿಕೊಳ್ಳಿ. ಹೇಗೂ ಚೌಕಟ್ಟಿನ ಅಂಗಡಿಯ ಮೇಲೇ ಇದ್ದೀರಿ.

ಮತ್ತೆ ಈಗೇನು ಬಂತು ರೋಗ ಅಂತೀರಿ. ಗೋದಾಮಿನ ಅಕ್ಕ ಕೂಡ ಅದನ್ನೇ ಅಂದಳು. ಮಾರಾಟ ಕುಂಟುತ್ತಿರುವುದು ನಿಯಮದ ಪುಸ್ತಕ ಇಟ್ಟಿಗೆಯಷ್ಟು ದಪ್ಪ ಆಗಿರೋದರಿಂದ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತೀಯಾ ಅಂತ. ಅವಳ ಮಾತಲ್ಲಿ ಹುರುಳಿದೆ. ಹಳಬರ ಪತ್ರಗಳೂ ಬಂದಿವೆ. ಕಷ್ಟದ ನಿಯಮವೂ ಮದ್ದಜ್ಜನ ಮುಖ ನೋಡಿದರೆ ಅರ್ಥವಾಗುತ್ತಿತ್ತು ಎಂದು ಒಬ್ಬರು ಬರೆದಿದ್ದಾರೆ. ಹೊಸ ಪುಸ್ತಕ ತೆರೆದಾಗ ಆ ನಾಲ್ವರು ಇದ್ದರೆ ಬೀಗರ ಮನೆಯಲ್ಲಿ ನಮ್ಮೂರವರು ಸಿಕ್ಕ ಹಾಗೆ ಎಂದು ಇನ್ನೊಬ್ಬರು. ಅದನ್ನೆಲ್ಲ ಓದಿಯೇ ನಿರ್ಧಾರ ಮಾಡಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ ಗ್ರಂಥಾಲಯದ ಮೇಲಿನ ಕೋಣೆಗೆ ಹೋಗಿದ್ದೆ. ಅಲ್ಲಿ ಆರು ಜನ ನಮ್ಮ ಆಟ ಆಡುತ್ತಾರೆ. ನಾನು ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಾರದು ಎಂಬ ಸಣ್ಣ ಜಂಬವೂ ಇತ್ತು, ಮೇಜಿನ ಮೇಲೆ ನನ್ನ ಮುಖದ ಪುಸ್ತಕವೇ ಬಿದ್ದಿತ್ತಲ್ಲ. ಎರಡು ಗಂಟೆ ಆ ಮುಖದ ಪಕ್ಕ ಈ ಮುಖ ಇಟ್ಟುಕೊಂಡು ಕೂತೆ. ಒಂದು ಪಿಳ್ಳೆಯೂ ಗುರುತಿಸಲಿಲ್ಲ. ಚಳಿಯಾದರೆ ಕಿಟಕಿ ಹಾಕಲಾ ಆಂಟಿ ಅಂದರು.

ಆ ಆರು ಜನರಲ್ಲಿ ಒಬ್ಬಳು ಬಸ್ ಕಂಡಕ್ಟರು. ವಾರವೆಲ್ಲ ನಿಂತೇ ಇರುವವಳು, ಭಾನುವಾರ ಕೂತು ಆಡುತ್ತಾಳೆ. ಅವಳು ಕಟ್ಟಿಕೊಂಡ ಪಾತ್ರ ಒಬ್ಬ ಅಗಸಗಿತ್ತಿ. ಬಟ್ಟೆಯ ಕಲೆ ನೋಡಿ ಅದನ್ನು ಉಟ್ಟವರಿಗೆ ಹಿಡಿದ ದೆವ್ವ ಯಾವುದೆಂದು ಹೇಳುವವಳು. ಮೂವತ್ತು ವರ್ಷದಲ್ಲಿ ನಮ್ಮ ಮೇಷ್ಟ್ರಿಗೂ ಹೊಳೆಯದ ಪಾತ್ರ. ಅವಳು ಪುಸ್ತಕ ತಿರುವಿ ತನ್ನಂಥವಳ ಚಿತ್ರ ಹುಡುಕಿದಳು. ಗುಹೆಯಲ್ಲಿ ನಮ್ಮ ನಾಲ್ವರು, ಗೋಪುರದಲ್ಲಿ ಅವರೇ, ಹಡಗಿನಲ್ಲೂ ಅವರೇ, ಸತ್ತ ಡ್ರ್ಯಾಗನ್ನಿನ ಬೆನ್ನ ಮೇಲೆ ಕಾಲಿಟ್ಟು ನಿಂತವರೂ ಅವರೇ. ಪುಸ್ತಕ ಮುಚ್ಚಿ ಅವಳು ಹೇಳಿದಳು:

“ಎಲ್ಲಾ ಬಾಗಿಲೂ ಇವರೇ ತೆಗೆದು ಒಳಗೆ ಹೋಗಿ ಬಂದಾಗಿದೆ. ನಮ್ಗೆ ಉಳಿದಿರೋದು ಹಿಂದಿನಿಂದ ಹೋಗಿ ಚಿಲಕ ಹಾಕ್ಕೊಂಡ್ ಬರೋದು.”

ಮೇಜೆಲ್ಲ ನಕ್ಕಿತು, ನಾನೂ ನಕ್ಕೆ. ಮೆಟ್ಟಿಲಿಳಿಯುವಾಗ ಅವಳ ಮಾತನ್ನು ಇನ್ನೊಮ್ಮೆ ಹೇಳಿಕೊಂಡೆ. ಬೇಕಾದವರಾಗಬಹುದು ಎಂದು ಹೇಳಿ ಮಾರಿದ ಆಟವಲ್ಲವೇ ಇದು? ಯಾರಾಗಬೇಕೆಂದು ನಾವೇ ಪುಟಪುಟದಲ್ಲೂ ತೋರಿಸುತ್ತ ಕೂತಿದ್ದೇವೆ. ಹೊಸದಾಗಿ ಬಂದವರಿಗೆ ಅದು ಬೇರೆಯವರ ಮದುವೆ ಆಲ್ಬಮ್ ನೋಡಿದ ಹಾಗೆ. ಎಷ್ಟು ಹೊತ್ತು ನೋಡುತ್ತಾರೆ, ನೀವೇ ಹೇಳಿ.

ಇದು ಪ್ರಕಾಶಕಿಯ ಕಾರಣ. ಇನ್ನೊಂದು ಕಾರಣ ಇದೆ. ಅದನ್ನು ಮೀಟಿಂಗಿನಲ್ಲಿ ಹೇಳಲಿಲ್ಲ.

ನೀವು ಮನೆ ಬಿಟ್ಟು ಹೋದ ವರ್ಷ ನಾನು ಜಡೆ ಕತ್ತರಿಸಿಕೊಂಡು ಬಂದಿದ್ದೆ. ಕುತ್ತಿಗೆಯವರೆಗೆ. ಹಗುರಾಗಿತ್ತು, ಸ್ವಲ್ಪ ಹೆದರಿಕೆಯೂ ಆಗಿತ್ತು. ನೀವು ಏನಂತೀರೋ ಎಂದು ಕಾದೆ. ಮೊದಲ ದಿನ ಏನೂ ಅನ್ನಲಿಲ್ಲ. ನಾಲ್ಕನೇ ದಿನ ಅಚ್ಚಿನ ಮನೆಯಿಂದ ಹೊಸ ಮುಖಪುಟ ಬಂತು. ಮಿಂಚುಳ್ಳಿಯ ಜಡೆಯ ತುದಿ ಅಂಚಿನಲ್ಲಿ ಅರ್ಧ ಬೆರಳು ಕತ್ತರಿಸಿ ಹೋಗಿತ್ತು. ಆ ಪ್ರಿಂಟರಿಗೆ ಫೋನಿನಲ್ಲಿ ನೀವು ಬೈದ ಬೈಗುಳ ಬೀದಿಗೆಲ್ಲ ಕೇಳಿಸಿತು. ಫೋನಿಟ್ಟು ತಿರುಗಿ ನನ್ನನ್ನೇ ನೋಡಿ, ನೋಡಿದೆಯಾ ಇವರ ಕಣ್ಣು ಎಲ್ಲಿರುತ್ತೆ ಅಂದಿರಿ. ನಾನು ಎಣಿಸುತ್ತಿದ್ದೆ. ಹನ್ನೊಂದು ದಿನ. ಹನ್ನೆರಡನೇ ದಿನ ನಾನೇ ಹೇಳಿದೆ, ಆಮೇಲೆ ಇನ್ನೂ ಬಹಳ ಹೇಳಿದೆ. ನೀವು ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಹೊರಟಿರಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಾವಿಬ್ಬರೂ ಒಂದೊಂದು ಲೋಹಕ್ಕೆ ಅಂಟಿಕೊಂಡು ಮನೆ ಮುರಿದೆವು.

ನಾನು ಹೇಳಿದ್ದೆಲ್ಲ ಸರಿಯಿರಲಿಲ್ಲ. ನಿಮಗೆ ಬರುವುದು ಅದೊಂದೇ ಮುಖ ಅಂದದ್ದಂತೂ ತಪ್ಪು. ಹಿತ್ತಲ ಬೆಕ್ಕಿಗೆ ಜೀವ ಕೊಟ್ಟವರಿಗೆ ಅನ್ನಬಾರದಿತ್ತು.

ಆ ಜಡೆಯ ಹುಡುಗಿಯ ಜೊತೆ ಸವತಿಯ ಹಾಗೆ ಮೂವತ್ತು ವರ್ಷ ಬಾಳಿದ್ದೇನೆ. ಅವಳಿಗೆ ವಯಸ್ಸಾಗುವುದಿಲ್ಲ, ಕನ್ನಡಕ ಬರುವುದಿಲ್ಲ, ಅವಳು ಎದುರು ಮಾತಾಡುವುದಿಲ್ಲ. ಇನ್ನು ಸಾಕು. ನನ್ನ ಮುಖ ನನಗೆ ವಾಪಸ್ಸು ಬೇಕು.

ಇಲ್ಲಿಗೆ ಮುಗಿಸಿ ಕಾಗದ ಮಡಿಸುವವಳಿದ್ದೆ. ಆದರೆ ನಿನ್ನೆ ಮಧ್ಯಾಹ್ನ ಆಫೀಸಿನ ನೆಲದ ಮೇಲೆ ನಿಮ್ಮ ಚಿತ್ರಗಳನ್ನೆಲ್ಲ ಹರಡಿಸಿದ್ದೆ, ಮೊದಲ ಪೆಟ್ಟಿಗೆಯಿಂದ ಈ ಆವೃತ್ತಿಗೆಂದು ಕಳಿಸಿದ ಏಳರವರೆಗೆ. ಮಿಂಚುಳ್ಳಿ ಇರುವವು ನೂರ ನಲವತ್ತಮೂರು. ಗೋದಾಮಿನ ಅಕ್ಕ ಏನು ಹುಡುಕ್ತಿದ್ದೀಯಾ ಅಂದಳು. ಕಾಲು ಅಂದೆ. ಬಿಸಿಲು ಹತ್ತಿದೆ ನಿನಗೆ ಅಂದಳು. ನೂರ ಮೂವತ್ತಾರು ಚಿತ್ರಗಳಲ್ಲಿ ಅವಳು ಬಲಗಾಲೂರಿ ನಿಂತಿದ್ದಾಳೆ. ಕೊನೆಯ ಏಳರಲ್ಲಿ ಎಡಗಾಲೂರಿದ್ದಾಳೆ. ಬಲಮಂಡಿಯನ್ನು ಸ್ವಲ್ಪ ಆಚೆಗೆ ತಿರುಗಿಸಿ, ಭಾರ ಬೀಳದ ಹಾಗೆ, ಕೈ ಗೋಡೆಗೆ.

ನನ್ನ ಬಲಮಂಡಿಗೆ ಆಪರೇಶನ್ ಆದದ್ದು ಎರಡು ವರ್ಷದ ಹಿಂದೆ. ನೀವು ಹೋದ ನಾಲ್ಕು ವರ್ಷದ ಮೇಲೆ. ನಾನೀಗ ಹೇಗೆ ನಿಲ್ಲುತ್ತೇನೆಂದು ನಿಮಗೆ ಹೇಳಿದವರಾರು? ನಮ್ಮಣ್ಣನಂತೂ ಅಲ್ಲ, ಅವನಿಗೆ ಎಡಬಲವೇ ಗೊತ್ತಿಲ್ಲ.

ಆಪರೇಶನ್ ಆದ ಮೇಲೆ ನೀರಿನ ಟ್ಯಾಂಕಿನ ಪಾರ್ಕಿನಲ್ಲಿ ಬೆಳಿಗ್ಗೆ ಕೋಲೂರಿ ನಡೆಯುತ್ತಿದ್ದೆ, ವೈದ್ಯರು ದಿನಾ ನಲವತ್ತು ಸುತ್ತು ಎಂದಿದ್ದರು. ಗೇಟಿನ ಬಳಿ ಪತ್ರಿಕೆ ಮಾರುವವನನ್ನು ಇವತ್ತು ಬೆಳಿಗ್ಗೆ ವಿಚಾರಿಸಿದೆ. ಒಬ್ಬರು ಬೂದು ಟೋಪಿಯವರು ಒಂದೂವರೆ ತಿಂಗಳು ನಲ್ಲಿಯ ಹಿಂದಿನ ಬೆಂಚಿನಲ್ಲಿ ಕೂತು ಏನೋ ಗೀಚುತ್ತಿದ್ದರಂತೆ. ತನ್ನ ಅಂಗಡಿ ಎತ್ತಿಸಲು ನಗರಸಭೆಯವರು ಅಳತೆ ತೆಗೆಯುತ್ತಿದ್ದಾರೆಂದು ಅವನು ಹೆದರಿ, ನಿಮಗೆ ದಿನಾ ಒಂದು ಪತ್ರಿಕೆ ಪುಕ್ಕಟೆ ಕೊಡುತ್ತಿದ್ದನಂತೆ. ನೀವು ತೆಗೆದುಕೊಳ್ಳುತ್ತಿದ್ದಿರಂತೆ. ನಾಚಿಕೆಯಾಗಬೇಕು.

ಹೀಗೆ, ನೀವು ನನ್ನನ್ನು ನೋಡಲು ಕಲಿತಿದ್ದೀರಿ. ಕಲಿತದ್ದನ್ನು ತೆಗೆದುಕೊಂಡು ಹೋಗಿ ಅವಳ ಕಾಲಿಗೆ ಹಾಕಿದ್ದೀರಿ. ಇದರಿಂದ ನನ್ನ ನಿರ್ಧಾರ ಸಡಿಲವಾಯಿತು ಎಂದುಕೊಳ್ಳಬೇಡಿ, ಇನ್ನಷ್ಟು ಗಟ್ಟಿಯಾಯಿತು. ನನ್ನ ಕುಂಟು ಅವಳಿಗೆ ಯಾಕೆ? ಸಂಪಾದಿಸಿದವಳು ನಾನು.

ಈಗ ಕೆಲಸದ ಮಾತು. ಪುಸ್ತಕದ ಉಳಿದ ಚಿತ್ರಗಳನ್ನು ಐದು ಜನ ಹೊಸಬರು ಬಿಡಿಸಿ ಮುಗಿಸಿದ್ದಾರೆ. ಯಾವ ಮುಖವೂ ಎರಡು ಸಲ ಬರುವುದಿಲ್ಲ. ಒಂದರಲ್ಲಿ ಅಗಸಗಿತ್ತಿ ಇದ್ದಾಳೆ, ಕಂಡಕ್ಟರಮ್ಮನನ್ನು ಕೇಳಿಯೇ ಹಾಕಿಸಿದ್ದೇನೆ. ಮೊದಲ ಪುಟ ಮಾತ್ರ ಖಾಲಿ ಬಿಟ್ಟಿದ್ದೇನೆ. ಅದು ನಿಮ್ಮದು. ಕೊಲ್ಲುವುದು ಬೇಡ, ನಮ್ಮ ಬೆಕ್ಕನ್ನು ಕೊಲ್ಲಲು ನನಗೂ ಕೈ ಬಾರದು. ನಾಲ್ವರೂ ಒಂದು ಬಾಗಿಲು ದಾಟಿ ಹೊರಗೆ ಹೋಗುತ್ತಿರಲಿ, ಬೆನ್ನು ಮಾತ್ರ ಕಾಣಲಿ. ಬಾಗಿಲು ತೆರೆದೇ ಇರಲಿ. ಗುಮ್ಮ ಕಂದೀಲನ್ನು ಹೊಸ್ತಿಲ ಮೇಲಿಟ್ಟು ಹೋಗಿರಲಿ, ಉರಿಯುತ್ತಿರಲಿ. ಪುಸ್ತಕ ತೆರೆದವರು ಎತ್ತಿಕೊಳ್ಳಲಿ.

ಅದನ್ನು ನೀವೇ ಬಿಡಿಸಬೇಕು. ಆ ನಾಲ್ಕು ಬೆನ್ನುಗಳನ್ನು ಬೇರೆಯವರ ಕೈಗೆ ಕೊಡಲಾರೆ. ಒಪ್ಪಿಗೆ ಕಾಗದ ಇದರ ಜೊತೆಗಿದೆ. ನೀವು ಸಹಿ ಹಾಕದಿದ್ದರೆ ಮುಚ್ಚಳದ ಮಾತಿಗೆ ಕಟ್ಟುಬಿದ್ದು ಸೋಮವಾರ ಅಚ್ಚು ನಿಲ್ಲಿಸುತ್ತೇನೆ. ಎಷ್ಟು ದಿನ ಬೇಕಾದರೂ ನಿಲ್ಲಿಸುತ್ತೇನೆ. ಹಳೇ ಮುಖ ಹೊತ್ತ ಪೆಟ್ಟಿಗೆ ಮಾತ್ರ ಇನ್ನು ಈ ಬಾಗಿಲಿನಿಂದ ಆಚೆ ಹೋಗುವುದಿಲ್ಲ.

ಚಿತ್ರವನ್ನು ಅಂಚೆಗೆ ಹಾಕಬೇಡಿ, ಮಡಿಕೆ ಬೀಳುತ್ತದೆ. ಕೈಯಲ್ಲೇ ತನ್ನಿ. ಆಫೀಸಿಗಲ್ಲ, ಮನೆಗೆ. ಭಾನುವಾರ ಹಗಲೆಲ್ಲ ಇರುತ್ತೇನೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಣ್ಣ ಹಚ್ಚಿಲ್ಲ. ಹೊಸ್ತಿಲು ದಾಟಿದ ಕೂಡಲೇ ಏನಾದರೂ ಅನ್ನಿ. ಹನ್ನೊಂದು ದಿನ ಕಾಯುವ ವಯಸ್ಸು ಇದಲ್ಲ.

ಇಂತಿ,
ಎಡಗಾಲೂರಿ ನಿಂತಿರುವ,
ಐವತ್ತೇಳು ತುಂಬಿದ
ನಿಮ್ಮವಳು

ಸಹಿಯ ಕೆಳಗೆ ಎರಡು ಮಾತು: ನೀವು ಕಳಿಸಿದ ಏಳರಲ್ಲಿ ಆರನ್ನು ವಾಪಸ್ಸು ಕೊಡುತ್ತೇನೆ. ಅವಳು ಗೋಡೆ ಹಿಡಿದು ಮೆಟ್ಟಿಲಿಳಿಯುವ ಚಿತ್ರ ಕಳೆದುಹೋಗಿದೆ ಎಂದು ಆಫೀಸಿನಲ್ಲಿ ಹೇಳಿದ್ದೇನೆ. ಅದು ನನ್ನ ಮಲಗುವ ಕೋಣೆಯಲ್ಲಿದೆ.

ಪತ್ರಿಕೆಯವನಿಂದ ತಿಳಿಯಿತು ಎಂದು ಬರೆದದ್ದೂ ನಿಜವಲ್ಲ. ಆ ಬೂದು ಟೋಪಿ ನಾನೇ ತಂದುಕೊಟ್ಟದ್ದು, ಮೂರನೇ ದಿನವೇ ನಲ್ಲಿಯ ಹಿಂದೆ ಕಂಡಿತ್ತು. ವೈದ್ಯರು ಹೇಳಿದ್ದು ಮೂವತ್ತೇ ಸುತ್ತು. ಉಳಿದ ಹತ್ತು ಯಾಕೆ ಹಾಕಿದೆ ಎಂಬ ಕಾರಣವನ್ನು ಈ ಸಲ ನೀವು ಬರೆಯಿರಿ.