ಮಾವಿನ ತೋಪನ್ನು ದಿಬ್ಬವೆಂದು ಬರೆದವರಿಗೆ

ಕೆಳಗಿನಹಾಳ, ಘಟಪ್ರಭೆಯ ದಂಡೆ
ಹೊಳೆಗಾಲದ ಎರಡನೇ ತಿಂಗಳು, ಇಸವಿ ೨೨೧೪

ಭೂಗೋಳ ವಿಭಾಗದ ವಿದ್ಯಾರ್ಥಿಗಳೇ,

ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಬೇಸರ ಮಾಡಿಕೊಳ್ಳಬೇಡಿ; ನಿಮ್ಮ ಕಾಲದ ಮಾತನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು ನಾನು. ಒಬ್ಬ ಹುಡುಗಿಯ ಜೀವ ನಿಮ್ಮ ಕೈಯಲ್ಲಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಹೊಳೆಗಾಲವೆಂದರೆ ನದಿ ನಮ್ಮ ಬೀದಿಗೇ ಬಂದು ಬಿಡಾರ ಹೂಡುವ ಮೂರು ತಿಂಗಳು. ಆಗ ಹಾಸಿಗೆ, ಒಲೆ, ಆಡು ಎಲ್ಲವೂ ಅಟ್ಟಕ್ಕೆ ಹೋಗುತ್ತವೆ. ಮಕ್ಕಳು ಕಿಟಕಿಯಿಂದಲೇ ದೋಣಿಗೆ ಇಳಿದು ಶಾಲೆಗೆ ಬರುತ್ತಾರೆ. ನಾನು ಅವರಿಗೆ ನಕ್ಷೆ ಕಲಿಸುತ್ತೇನೆ.

ನೀವು ಈ ಊರಿಗಾಗಿ ಮಾಡಿದ ಪ್ರವಾಹ ನಕ್ಷೆ ನಮಗೆ ಸಿಕ್ಕಿದೆ. ಕೆಲಸ ನಿಜಕ್ಕೂ ಚಂದ. ಮುಳುಗುವ ಮನೆಗಳಿಗೆ ಕೆಂಪು, ದಾರಿಗಳಿಗೆ ಹಳದಿ, ಊರವರೆಲ್ಲ ಓಡಿ ಸೇರಬೇಕಾದ ದಿಬ್ಬಕ್ಕೆ ಹಸಿರು. ನನ್ನ ವಿದ್ಯಾರ್ಥಿನಿ ಚಂದ್ರವ್ವ ಕಳೆದ ಬೇಸಿಗೆಯಲ್ಲಿ ಆ ದಿಬ್ಬವನ್ನು ಹುಡುಕಿಕೊಂಡು ಹೋಗಿದ್ದಳು. ತಿರುಗಿ ಬಂದು, “ಅಕ್ಕಾರ, ಅಲ್ಲಿ ದಿಬ್ಬ ಇಲ್ರೀ. ತಗ್ಗು ಐತಿ. ಹಳೇ ಮಾವಿನ ಬೊಡ್ಡಿ ಅದಾವ” ಅಂದಳು. ಉಪಗ್ರಹ ಮೇಲಿನಿಂದ ಅಳೆದದ್ದು ಮರಗಳ ನೆತ್ತಿಯನ್ನು. ನಿಮ್ಮ ಸಾಫ್ಟ್‌ವೇರ್ ಅದನ್ನೇ ನೆಲವೆಂದು ಲೆಕ್ಕ ಹಾಕಿತು, ನೀವೂ ಹೂಂ ಅಂದಿರಿ.

ನನಗೆ ಸಿಟ್ಟಿಲ್ಲ, ಕುತೂಹಲ. ಕಾಲೇಜಿನಿಂದ ಊರಿಗೆ ಬಸ್ಸಿತ್ತಲ್ಲವೇ? ಲ್ಯಾಬಿನ ತಂಪು ಬಿಟ್ಟು ಏಳಲು ಮನಸ್ಸಾಗಲಿಲ್ಲವೋ, ಪರದೆಯ ಮೇಲೆ ಅಷ್ಟು ಅಂದವಾಗಿ ಕಂಡದ್ದನ್ನು ಅನುಮಾನಿಸಲು ಯಾರೂ ಕಲಿಸಲಿಲ್ಲವೋ? ನಮ್ಮಲ್ಲಿ ಹೆಜ್ಜೆಸಹಿ ಎಂಬ ಪದ್ಧತಿಯಿದೆ. ನಕ್ಷೆ ಮಾಡಿದವರು ತಾವು ಬಣ್ಣ ಹಚ್ಚಿದ ಜಾಗಕ್ಕೆ ನಡೆದು ಹೋಗಿ, ಅಲ್ಲಿಯವರ ಮನೆಯಲ್ಲಿ ಒಂದು ಹೊತ್ತು ಉಂಡು, ಆಮೇಲೆ ಹೆಸರು ಹಾಕಬೇಕು. ಊಟವೇಕೆಂದರೆ, ಬಡಿಸುವ ಹೊತ್ತಿನಲ್ಲಿ ಜನ ನಮ್ಮ ತಪ್ಪನ್ನು ಸಂಕೋಚವಿಲ್ಲದೆ ಹೇಳುತ್ತಾರೆ. ಹೆಜ್ಜೆಸಹಿಯಿಲ್ಲದ ನಕ್ಷೆಯನ್ನು ಇಲ್ಲಿ ಮಡಕೆ ಮುಚ್ಚಲೂ ಯಾರೂ ತೆಗೆದುಕೊಳ್ಳುವುದಿಲ್ಲ.

ನಿಮ್ಮ ನಕ್ಷೆಯ ತಾರೀಖು, ಆ ತೋಪನ್ನೂ ಮುಳುಗಿಸಿದ ದೊಡ್ಡ ನೆರೆಗಿಂತ ಹಿಂದಿನದು. ಹಾಗಾಗಿ ಈ ಪತ್ರ ಹೊತ್ತಿಗೆ ಸರಿಯಾಗಿ ತಲುಪೀತೆಂಬ ಆಸೆ. ನಿಮ್ಮ ಕಾಲದ ಈ ಊರಿನಲ್ಲಿ ಅಕ್ಕತಂಗಿಯರಿಬ್ಬರಿದ್ದಾರೆ. ನೆರೆ ಬರುವ ದಿನ ಅಕ್ಕ ಅಜ್ಜಿಯ ಊರಿನಲ್ಲಿರುತ್ತಾಳೆ. ನಾನು ಅವಳ ವಂಶದವಳು. ತಂಗಿ ಕಸ್ತೂರಿ ನಿಮ್ಮ ಹಸಿರು ಬಣ್ಣ ನಂಬಿ ತೋಪಿಗೆ ಓಡುತ್ತಾಳೆ. ಅವಳ ಕಡೆಯ ನೆಂಟರು ನಮಗೆ ಯಾರೂ ಇಲ್ಲ. ದಯವಿಟ್ಟು ಹೋಗಿ ನೋಡಿ, ತಿದ್ದಿ. ಅವಳಿಗೆ ಎಷ್ಟು ಮಕ್ಕಳಾದರು, ಅವರಲ್ಲಿ ಯಾರ ಮೂಗು ನಮ್ಮಂತಿದೆ ಎಂದು ತಿಳಿಯುವ ಆಸೆ ನನಗೆ.

ಸಂಗವ್ವ